ಅಪ್ಪ ಅಮ್ಮನ ವಿದೇಶ ಪ್ರಯಾಣ: ಹದಿನಾರು ಗಂಟೆ ಕೂತಲ್ಲೇ ಕೂರುವ ಮುನ್ನ



ಏಪ್ರಿಲ್ ತಿಂಗಳು ಬಂತೆಂದರೆ ನನ್ನ ಕ್ಲಿನಿಕ್ಕಿಗೆ ಒಂದು ಬಗೆಯ ರೋಗಿಗಳು ಹೆಚ್ಚಾಗುತ್ತಾರೆ. ಅವರಿಗೆ ಹೊಸ ಕಾಯಿಲೆ ಏನೂ ಇರುವುದಿಲ್ಲ, ಕೈಯಲ್ಲಿ ಟಿಕೆಟ್ ಇರುತ್ತದೆ. ಮಾಟುಂಗಾ, ಡೊಂಬಿವಲಿ, ಮುಲುಂಡ್ ಕಡೆ ಮೂವತ್ತು ನಲವತ್ತು ವರ್ಷ ಬಾಳಿದ ನಮ್ಮವರು ಮಗಳ ಬಾಣಂತನಕ್ಕೋ, ಮೊಮ್ಮಗನನ್ನು ನೋಡಿಕೊಳ್ಳುವುದಕ್ಕೋ ನ್ಯೂಜೆರ್ಸಿಗೆ, ಡಲ್ಲಾಸಿಗೆ ಹೊರಟಿರುತ್ತಾರೆ. "ಡಾಕ್ಟ್ರೇ, ಫಿಟ್ ಇದ್ದೀನಿ ಅಂತ ಒಂದು ಲೆಟರ್ ಕೊಟ್ಟುಬಿಡಿ" ಎನ್ನುತ್ತಾರೆ. ಲೆಟರ್ ಬರೆಯಲು ಎರಡು ನಿಮಿಷ ಸಾಕು. ಅದಕ್ಕೆ ಮೊದಲು ಆಡಬೇಕಾದ ಮಾತಿಗೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯ ಮಾತನ್ನೇ ಇಲ್ಲಿ ಬರೆದಿದ್ದೇನೆ. ಪ್ರಯಾಣ ಮಾಡುವ ಹಿರಿಯರು ಓದಲಿ, ಅದಕ್ಕಿಂತ ಮುಖ್ಯವಾಗಿ ಟಿಕೆಟ್ ಬುಕ್ ಮಾಡುವ ಮಕ್ಕಳು ಓದಲಿ.

ಮೊದಲು ವಿಮಾನದೊಳಗಿನ ಗಾಳಿಯ ವಿಷಯ. ವಿಮಾನ 35,000 ಅಡಿಗಿಂತ ಮೇಲೆ ಹಾರುವಾಗ ಹೊರಗಿನ ಗಾಳಿಯಲ್ಲಿ ನಾವು ಬದುಕಲಾರೆವು. ಅದಕ್ಕಾಗಿ ಒಳಗೆ ಗಾಳಿಯ ಒತ್ತಡವನ್ನು ಹೆಚ್ಚಿಸಿಟ್ಟಿರುತ್ತಾರೆ. ಆದರೆ ಅದು ಮುಂಬೈ ಸಮುದ್ರ ತೀರದಷ್ಟು ಇರುವುದಿಲ್ಲ. ಹಳೆಯ ಮಾದರಿಯ ವಿಮಾನಗಳಲ್ಲಿ ಅದು 8,000 ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡದವರೆಗೂ ಇಳಿಯಬಹುದು. ಬೋಯಿಂಗ್ 787, ಏರ್‌ಬಸ್ ಎ350 ಮುಂತಾದ ಹೊಸ ವಿಮಾನಗಳಲ್ಲಿ ಸುಮಾರು 6,000 ಅಡಿಯಷ್ಟಿರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 6,300 ಅಡಿ, ಊಟಿಯ ದೊಡ್ಡಬೆಟ್ಟ ಸುಮಾರು 8,650 ಅಡಿ. ಅಂದರೆ ಹದಿನಾರು ಗಂಟೆ ಕಾಲ ನೀವು ಇವೆರಡರ ನಡುವಿನ ಯಾವುದೋ ಒಂದು ಎತ್ತರದಲ್ಲಿ ಕೂತಿರುತ್ತೀರಿ ಎಂದುಕೊಳ್ಳಿ. ನೆಲದ ಮೇಲೆ 97, 98 ತೋರಿಸುವ ಆಕ್ಸಿಜನ್ ಮೀಟರು ಅಲ್ಲಿ ಆರೋಗ್ಯವಂತರಲ್ಲೂ 90ರಿಂದ 94ರ ಆಸುಪಾಸಿಗೆ ಇಳಿಯುತ್ತದೆ. ಆರೋಗ್ಯವಂತ ಹೃದಯ ಸ್ವಲ್ಪ ವೇಗವಾಗಿ ಬಡಿದು ಇದನ್ನು ನಿಭಾಯಿಸುತ್ತದೆ. ನೆಲದ ಮೇಲೆಯೇ 92 ಇರುವವರಿಗೆ, ಒಂದು ಮಹಡಿ ಹತ್ತಿದರೆ ಏದುಸಿರು ಬರುವವರಿಗೆ ಇದು ಸಣ್ಣ ವಿಷಯವಲ್ಲ. ಅಂಥವರಿಗೆ ವಿಮಾನದಲ್ಲಿ ಆಕ್ಸಿಜನ್ ಬೇಕಾಗಬಹುದು. ಅದನ್ನು ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಕೇಳಿದರೆ ಆಗುವುದಿಲ್ಲ. ವಿಮಾನ ಕಂಪನಿಯ ವೈದ್ಯಕೀಯ ಫಾರಂ ತುಂಬಿ, ನಿಮ್ಮ ವೈದ್ಯರ ಸಹಿ ಹಾಕಿಸಿ, ಮೊದಲೇ ಒಪ್ಪಿಗೆ ಪಡೆದಿರಬೇಕು.

ಇನ್ನು ಕಾಲಿನ ವಿಷಯ. ಈ ಲೇಖನದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮಾತ್ರ ಮರೆಯಬೇಡಿ.

ಹೃದಯ ರಕ್ತವನ್ನು ಕಾಲಿನವರೆಗೆ ತಳ್ಳುತ್ತದೆ. ಆದರೆ ಆ ರಕ್ತ ಕಾಲಿನಿಂದ ಮೇಲಕ್ಕೆ ಬರಲು ಹೃದಯದ ಶಕ್ತಿಯೊಂದೇ ಸಾಲದು. ಮೀನಖಂಡದ ಸ್ನಾಯುಗಳು ಪ್ರತಿ ಹೆಜ್ಜೆಗೂ ಬಿಗಿಯಾಗಿ, ಒಳಗಿನ ಆಳದ ರಕ್ತನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ಕಳುಹಿಸುತ್ತವೆ. ನಾಳದೊಳಗಿನ ಕವಾಟಗಳು ಅದು ಮತ್ತೆ ಕೆಳಗೆ ಬೀಳದಂತೆ ತಡೆಯುತ್ತವೆ. ಕೊಳವೆ ಬಾವಿಯ ಕೈಪಂಪಿನ ಹಾಗೆ, ಒತ್ತಿದರೆ ಮಾತ್ರ ನೀರು. ಗಂಟೆಗಟ್ಟಲೆ ಕಾಲು ಮಡಚಿ ಕೂತರೆ ಪಂಪು ನಿಂತ ಹಾಗೆ. ನಿಂತ ರಕ್ತ ಹೆಪ್ಪುಗಟ್ಟಲು ಶುರುವಾಗಬಹುದು. ಆ ಹೆಪ್ಪು ಕಾಲಿನಲ್ಲೇ ಉಳಿದರೆ ಊತ, ನೋವು. ಅದರ ಒಂದು ತುಂಡು ಕಳಚಿ ರಕ್ತದ ಜೊತೆ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ, ಜೀವಕ್ಕೇ ಅಪಾಯ.

ಇದು ವಿಮಾನದಿಂದ ಬಂದ ಹೊಸ ಕಾಯಿಲೆಯಲ್ಲ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಜನ ರಾತ್ರಿಯಿಡೀ ಆಶ್ರಯತಾಣಗಳಲ್ಲಿ ಮಡಚುವ ಕುರ್ಚಿಗಳ ಮೇಲೆ ಕೂತಿರುತ್ತಿದ್ದರು. ಬಾಂಬಿನಿಂದ ಪಾರಾದವರಲ್ಲಿ ಕೆಲವರು ಶ್ವಾಸಕೋಶಕ್ಕೆ ಹೆಪ್ಪು ಹೋಗಿ ಸತ್ತರು. 1940ರಲ್ಲಿ ಕೀತ್ ಸಿಂಪ್ಸನ್ ಎಂಬ ವೈದ್ಯರು ಇದನ್ನು ಗಮನಿಸಿ ಬರೆದರು. ಕುರ್ಚಿಯ ಮುಂಭಾಗದ ಮರದ ಪಟ್ಟಿ ಕಾಲಿನ ಹಿಂಭಾಗವನ್ನು ಒತ್ತುತ್ತಿತ್ತು. 1954ರಲ್ಲಿ ಅಮೆರಿಕದ ಜಾನ್ ಹೋಮನ್ಸ್ ದೀರ್ಘಕಾಲ ಕೂತಿದ್ದರಿಂದ ಆದ ಇಂಥ ಪ್ರಕರಣಗಳನ್ನು ವಿವರಿಸುವಾಗ ವಿಮಾನ ಪ್ರಯಾಣವನ್ನೂ ಸೇರಿಸಿದರು. ಆಮೇಲೆ ಇದಕ್ಕೆ "ಎಕಾನಮಿ ಕ್ಲಾಸ್ ಸಿಂಡ್ರೋಮ್" ಎಂಬ ಹೆಸರು ಬಂತು. ನನಗೆ ಆ ಹೆಸರು ಇಷ್ಟವಿಲ್ಲ. ಬಿಸಿನೆಸ್ ಕ್ಲಾಸಿನಲ್ಲಿ ಅಲ್ಲಾಡದೆ ಮಲಗಿದರೂ ಇದು ಬರಬಹುದು, ಮುಂಬೈಯಿಂದ ಮಂಗಳೂರಿಗೆ ಹೋಗುವ ಬಸ್ಸಿನ ಸೀಟಿನಲ್ಲೂ ಬರಬಹುದು. ನಾಲ್ಕು ಗಂಟೆಗಿಂತ ಹೆಚ್ಚು ಕೂತು ಹೋಗುವ ಯಾವ ಪ್ರಯಾಣಕ್ಕೂ ಇದು ಅನ್ವಯಿಸುತ್ತದೆ.

ಎಷ್ಟು ಜನರಿಗೆ ಬರುತ್ತದೆ? ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ಗಂಟೆಗಿಂತ ಹೆಚ್ಚಿನ ಪ್ರಯಾಣದಿಂದ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಆರೋಗ್ಯವಂತರಲ್ಲಿ ಸುಮಾರು 6,000 ಪ್ರಯಾಣಿಕರಲ್ಲಿ ಒಬ್ಬರಿಗೆ. ಪ್ಯಾರಿಸ್ಸಿನ ವಿಮಾನ ನಿಲ್ದಾಣದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ವಿಮಾನದಿಂದ ಇಳಿದ ಕೂಡಲೇ ಶ್ವಾಸಕೋಶದ ಹೆಪ್ಪಿನಿಂದ ಕುಸಿದವರನ್ನು ಲೆಕ್ಕ ಹಾಕಿತು. 5,000 ಕಿಲೋಮೀಟರಿಗಿಂತ ಕಡಿಮೆ ದೂರದವರಲ್ಲಿ ಹೆಚ್ಚುಕಡಿಮೆ ಯಾರೂ ಇಲ್ಲ. 10,000 ಕಿಲೋಮೀಟರ್ ದಾಟಿದವರಲ್ಲಿ ಹತ್ತು ಲಕ್ಷಕ್ಕೆ ಸುಮಾರು ಐದು ಜನ. ಮುಂಬೈಯಿಂದ ನ್ಯೂಯಾರ್ಕಿಗೆ ಸುಮಾರು 12,500 ಕಿಲೋಮೀಟರ್.

"ಆರು ಸಾವಿರಕ್ಕೆ ಒಬ್ಬರು ತಾನೇ, ಬಿಡಿ" ಎಂದು ಮಗ ಹೇಳುತ್ತಾನೆ. ಒಂದು ಮಾತು ಗಮನಿಸಿ. ಆ ಲೆಕ್ಕ ಕಂಪನಿಗಳ, ಅಂತರರಾಷ್ಟ್ರೀಯ ಸಂಸ್ಥೆಗಳ ಉದ್ಯೋಗಿಗಳದು. ಕೆಲಸಕ್ಕೆಂದು ಹಾರಾಡುವ, ದುಡಿಯುವ ವಯಸ್ಸಿನ, ಬಹುಪಾಲು ಆರೋಗ್ಯವಂತ ಜನ ಅವರು. ನಿಮ್ಮ ತಾಯಿಗೆ 68 ವರ್ಷ, ತೂಕ 82 ಕಿಲೋ, ಮಂಡಿನೋವು, ಕಾಲಿನಲ್ಲಿ ಉಬ್ಬಿದ ನರಗಳು. ಆ ಆರು ಸಾವಿರದ ಲೆಕ್ಕದಲ್ಲಿ ಅವರು ಇಲ್ಲ.

ಯಾರಿಗೆ ಅಪಾಯ ಹೆಚ್ಚು? ಹಿಂದೆ ಒಮ್ಮೆ ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದವರಿಗೆ, ಕ್ಯಾನ್ಸರ್ ಇರುವವರಿಗೆ, ಇತ್ತೀಚೆಗೆ ದೊಡ್ಡ ಆಪರೇಷನ್ ಆದವರಿಗೆ (ಅದರಲ್ಲೂ ಮಂಡಿ ಅಥವಾ ಸೊಂಟದ ಕೀಲು ಬದಲಾಯಿಸಿಕೊಂಡವರಿಗೆ), ಗರ್ಭಿಣಿಯರಿಗೆ, ಹೆರಿಗೆಯಾಗಿ ಆರು ವಾರ ಕಳೆಯದವರಿಗೆ, ಗರ್ಭನಿರೋಧಕ ಅಥವಾ ಹಾರ್ಮೋನ್ ಮಾತ್ರೆ ನುಂಗುವವರಿಗೆ, ಬೊಜ್ಜಿನವರಿಗೆ. ಪ್ರಯಾಣ ಅಥವಾ ಪೂಜೆಗೆ ಅಡ್ಡಿಯಾಗಬಾರದೆಂದು ಮುಟ್ಟು ಮುಂದೂಡುವ ಮಾತ್ರೆಯನ್ನು ಅಂಗಡಿಯಿಂದ ತಾವೇ ತಂದು ನುಂಗುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ. ಉದ್ದದ ವಿಮಾನ ಪ್ರಯಾಣದ ಮುಂಚೆ ದಯವಿಟ್ಟು ವೈದ್ಯರನ್ನು ಕೇಳದೆ ಅದನ್ನು ಮಾಡಬೇಡಿ.

ಇನ್ನೊಂದು ಕಾರಣ ಹೇಳಿದರೆ ಎಲ್ಲರೂ ನಗುತ್ತಾರೆ: ಎತ್ತರ. ಆ ಅಧ್ಯಯನದಲ್ಲಿ ಆರಡಿ ಮೂರಂಗುಲ ದಾಟಿದವರಿಗೆ ಅಪಾಯ ಹೆಚ್ಚಿತ್ತು, ಐದಡಿ ಮೂರಂಗುಲಕ್ಕಿಂತ ಕುಳ್ಳಗಿರುವವರಿಗೂ ಹೆಚ್ಚಿತ್ತು. ಕುಳ್ಳಗಿರುವವರ ಪಾದ ಸರಿಯಾಗಿ ನೆಲಕ್ಕೆ ತಾಗುವುದಿಲ್ಲ. ಸೀಟಿನ ಅಂಚು ತೊಡೆಯ ಹಿಂಭಾಗವನ್ನು ಒತ್ತುತ್ತಲೇ ಇರುತ್ತದೆ, ಲಂಡನ್ನಿನ ಆ ಕುರ್ಚಿಯ ಹಾಗೆ. ನಮ್ಮ ಅಮ್ಮಂದಿರಲ್ಲಿ ಎಷ್ಟು ಜನ ಐದಡಿ ಮೂರಂಗುಲ ಇದ್ದಾರೆ ಹೇಳಿ? ಅವರ ಪಾದದ ಕೆಳಗೆ ಕೈಚೀಲವನ್ನೋ ಮಡಚಿದ ಶಾಲನ್ನೋ ಇಡಿ. ಮಂಡಿ ಸ್ವಲ್ಪ ಮೇಲೆ ಬಂದರೆ ಸಾಕು.

ಈಗ ನಿಜವಾಗಿ ವಿಮಾನದಲ್ಲಿ ಏನಾಗುತ್ತದೆ ಎಂದು ಹೇಳುತ್ತೇನೆ. ಮಗ ಪ್ರೀತಿಯಿಂದ ಅಮ್ಮನಿಗೆ ಕಿಟಕಿ ಪಕ್ಕದ ಸೀಟು ತೆಗೆದಿರುತ್ತಾನೆ, ಹೊರಗೆ ಮೋಡ ನೋಡಲಿ ಎಂದು. ಪಕ್ಕದಲ್ಲಿ ಇಬ್ಬರು ಅಪರಿಚಿತ ಗಂಡಸರು ಮಲಗಿರುತ್ತಾರೆ. ಅವರನ್ನು ಎಬ್ಬಿಸಲು ಸಂಕೋಚ. ಎಬ್ಬಿಸಿದರೂ ಟಾಯ್ಲೆಟ್ಟಿನ ಆ ಮಡಚುವ ಬಾಗಿಲು ಹೇಗೆ ತೆರೆಯಬೇಕೆಂದು ಗೊತ್ತಿಲ್ಲ. ಚಿಲಕ ಹಾಕಿದರೆ ಮಾತ್ರ ಒಳಗೆ ಪೂರ್ತಿ ದೀಪ ಹತ್ತುತ್ತದೆ ಎಂಬುದು ಗೊತ್ತಿಲ್ಲ. ಒಳಗೆ ನೀರಿನ ಬದಲು ಕಾಗದ. ಸೀರೆ ಬೇರೆ. ಇಷ್ಟೆಲ್ಲ ಫಜೀತಿ ಯಾಕೆ ಎಂದು ಆಕೆ ನೀರು ಕುಡಿಯುವುದನ್ನೇ ಬಿಡುತ್ತಾಳೆ. ಊಟದಲ್ಲಿ ಏನು ಬೆರೆತಿದೆಯೋ ಎಂದು ಮೊಸರು, ಬಾಳೆಹಣ್ಣು ಮಾತ್ರ ತಿನ್ನುತ್ತಾಳೆ. ಹದಿನಾರು ಗಂಟೆ ಎದ್ದೇಳುವುದಿಲ್ಲ. ಇಳಿದ ಮೇಲೆ ಮಗ "ಹೇಗಿತ್ತಮ್ಮ?" ಎಂದರೆ "ಏನೂ ತೊಂದರೆ ಆಗ್ಲಿಲ್ಲಪ್ಪ, ಕೂತ ಜಾಗದಿಂದ ಅಲ್ಲಾಡ್ಲೇ ಇಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಾಳೆ. ಆ ಉತ್ತರ ಕೇಳಿದರೆ ನನ್ನಂಥ ವೈದ್ಯನಿಗೆ ಎದೆ ಧಸಕ್ಕೆನ್ನುತ್ತದೆ.

ಆದ್ದರಿಂದ ಮಕ್ಕಳೇ, ಕಿಟಕಿ ಬೇಡ, ನಡುದಾರಿಯ ಪಕ್ಕದ ಸೀಟು ತೆಗೆಯಿರಿ, ಟಾಯ್ಲೆಟ್ಟಿಗೆ ಹತ್ತಿರವಿದ್ದರೆ ಇನ್ನೂ ಒಳ್ಳೆಯದು. ಸೀಟಿಗೆ ಒಂದೆರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಆ ಬಾಗಿಲು ತೆರೆಯುವ ವಿಡಿಯೋವನ್ನು ಮೊದಲೇ ತೋರಿಸಿ. ಅಮ್ಮ ಒಪ್ಪಿದರೆ ಆ ಒಂದು ದಿನದ ಮಟ್ಟಿಗೆ ಚೂಡಿದಾರ ಅಥವಾ ಸಡಿಲವಾದ ಉಡುಪು ಹಾಕಿಸಿ. ಸಸ್ಯಾಹಾರಿ ಊಟವನ್ನು ಪ್ರಯಾಣಕ್ಕೆ ಎರಡು ಮೂರು ದಿನ ಮೊದಲೇ ಬುಕ್ ಮಾಡಿ. "ಏಷ್ಯನ್ ವೆಜಿಟೇರಿಯನ್" ಎಂದು ಆರಿಸಿದರೆ ನಮ್ಮ ಬಾಯಿಗೆ ಹೊಂದುವ ಊಟ ಬರುತ್ತದೆ. ಬರಿಯ ವೆಜಿಟೇರಿಯನ್ ಎಂದರೆ ಬೇಯಿಸಿದ ತರಕಾರಿ ಬಂದು ಕೂರಬಹುದು. ಚಪಾತಿ, ಕೋಡುಬಳೆ ಕಟ್ಟಿಕೊಡಿ, ಆದರೆ ಉಳಿದದ್ದನ್ನು ಇಳಿಯುವ ಮುಂಚೆ ಮುಗಿಸಲು ಅಥವಾ ಬಿಡಲು ಹೇಳಿ.

ಎದ್ದು ಓಡಾಡುವುದು ಎಷ್ಟು? ಎಚ್ಚರವಿದ್ದಾಗ ಗಂಟೆ ಎರಡು ಗಂಟೆಗೊಮ್ಮೆ ಎದ್ದು ಹಿಂದಿನವರೆಗೆ ಒಂದು ಸುತ್ತು. ಕೂತಲ್ಲೇ ಮಾಡುವುದು ಇನ್ನೂ ಸುಲಭ: ಹಿಮ್ಮಡಿ ನೆಲಕ್ಕೂರಿ ಬೆರಳುಗಳನ್ನು ಮೇಲೆತ್ತಿ, ಆಮೇಲೆ ಬೆರಳೂರಿ ಹಿಮ್ಮಡಿ ಎತ್ತಿ. ಹಳೆಯ ಹೊಲಿಗೆ ಯಂತ್ರ ತುಳಿದ ಹಾಗೆ. ಇಪ್ಪತ್ತು ಸಲ. ಅಮ್ಮಂದಿರಿಗೆ ಹೀಗೆ ಹೇಳಿದರೆ ತಕ್ಷಣ ಅರ್ಥವಾಗುತ್ತದೆ.

"ಚೆನ್ನಾಗಿ ನೀರು ಕುಡಿದರೆ ರಕ್ತ ತೆಳ್ಳಗಾಗುತ್ತದೆ, ಹೆಪ್ಪುಗಟ್ಟುವುದಿಲ್ಲ" ಎಂಬ ಮೆಸೇಜು ನಿಮಗೂ ಬಂದಿರಬಹುದು. ನೀರೊಂದೇ ಹೆಪ್ಪನ್ನು ತಡೆಯುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಆದರೂ ಕುಡಿಯಿರಿ. ಒಳಗಿನ ಗಾಳಿ ತುಂಬ ಒಣಗಿರುತ್ತದೆ, ತೇವಾಂಶ 20 ಪ್ರತಿಶತಕ್ಕಿಂತ ಕಡಿಮೆ. ನೀರು ಕುಡಿದವರು ಟಾಯ್ಲೆಟ್ಟಿಗೆ ಏಳಲೇಬೇಕು, ಅದರಿಂದ ನಡೆದ ಹಾಗೂ ಆಯಿತು! ವಿಮಾನದಲ್ಲಿ ಆಗುವ ವೈದ್ಯಕೀಯ ತೊಂದರೆಗಳಲ್ಲಿ ಮೊದಲ ಸ್ಥಾನ ತಲೆಸುತ್ತು ಮತ್ತು ಮೂರ್ಛೆಗೆ, ಮೂರರಲ್ಲೊಂದಕ್ಕಿಂತ ಹೆಚ್ಚು. ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ತೆಗೆದುಕೊಳ್ಳುವ ಅಪ್ಪಂದಿರು ನಿದ್ದೆಯಿಂದ ಎದ್ದ ಕೂಡಲೇ ನಿಂತುಬಿಡಬಾರದು. ಒಂದು ನಿಮಿಷ ಕೂತು, ಕಾಲು ಆಡಿಸಿ, ಆಮೇಲೆ ಏಳಬೇಕು. ಮದ್ಯ ಬೇಡ. ನಿದ್ದೆ ಮಾತ್ರೆಯೂ ಬೇಡ. ಅದನ್ನು ನುಂಗಿ ಎಂಟು ಗಂಟೆ ಕುತ್ತಿಗೆ ಬಾಗಿಸಿ ಕಾಲು ಮಡಚಿ ಮಲಗುವುದು ಹೆಪ್ಪಿಗೆ ಆಹ್ವಾನ ಕೊಟ್ಟ ಹಾಗೆ.

ಒತ್ತಡದ ಕಾಲುಚೀಲಗಳು ಅಪಾಯ ಹೆಚ್ಚಿರುವವರಿಗೆ ನಿಜಕ್ಕೂ ಉಪಯೋಗ. ಮಂಡಿಯ ಕೆಳಗಿನವರೆಗೆ ಬರುವಂಥದ್ದು, 15ರಿಂದ 30 ಮಿಲಿಮೀಟರ್ ಪಾದರಸದ ಒತ್ತಡದ್ದು, ಕಾಲಿನ ಅಳತೆ ತೆಗೆದೇ ಕೊಳ್ಳಬೇಕು. ಬೆಳಿಗ್ಗೆ ಕಾಲು ಊದುವ ಮುಂಚೆ ಹಾಕಿಕೊಳ್ಳಿ. ಮೇಲ್ತುದಿ ಸುರುಳಿಯಾಗಿ ಇಳಿದರೆ ಅದೇ ಹಗ್ಗದಂತೆ ಬಿಗಿಯುತ್ತದೆ, ನೋಡಿಕೊಳ್ಳಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು, ಕಾಲಿನ ಶುದ್ಧರಕ್ತದ ನಾಳಗಳು ಕಿರಿದಾದವರು ವೈದ್ಯರನ್ನು ಕೇಳದೆ ಹಾಕಬಾರದು. ಆಸ್ಪಿರಿನ್ ವಿಷಯ: ಹೃದಯಕ್ಕೆಂದು ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಮುಂದುವರಿಸಿ. ವಿಮಾನಕ್ಕೆಂದೇ ಹೊಸದಾಗಿ ನುಂಗಬೇಡಿ, ಈ ಬಗೆಯ ಹೆಪ್ಪಿಗೆ ಅದನ್ನು ನಾವು ಸಲಹೆ ಮಾಡುವುದಿಲ್ಲ, ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಮಾತ್ರ ಉಳಿಯುತ್ತದೆ. ಹಿಂದೆ ಹೆಪ್ಪುಗಟ್ಟಿದವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಇಂಜೆಕ್ಷನ್ ಅಥವಾ ಬೇರೆ ಮಾತ್ರೆ ಬೇಕೇ ಎಂಬುದನ್ನು ಅವರ ವೈದ್ಯರೇ ನಿರ್ಧರಿಸಬೇಕು.

ಊರು ಮುಟ್ಟಿದ ಮೇಲಿನ ಮಾತು ಎಲ್ಲರೂ ಮರೆಯುವಂಥದ್ದು. ಹೆಪ್ಪಿನ ಲಕ್ಷಣ ವಿಮಾನದಲ್ಲೇ ಕಾಣಿಸಬೇಕೆಂದಿಲ್ಲ. ಎರಡು ದಿನದ ನಂತರ, ಎರಡು ವಾರದ ನಂತರವೂ ಕಾಣಿಸಬಹುದು. ಅಪಾಯ ಕೆಲವು ವಾರಗಳವರೆಗೆ ಇರುತ್ತದೆ. ಪ್ರಯಾಣ ಮುಗಿದಾಗ ಎರಡೂ ಪಾದ ಸ್ವಲ್ಪ ಊದುವುದು ಸಾಮಾನ್ಯ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಆಮ್ಲೊಡಿಪಿನ್ ಎಂಬ ಬಿಪಿ ಮಾತ್ರೆಯಿಂದಲೂ ಎರಡೂ ಕಾಲು ಊದಬಹುದು. ಆದರೆ ಒಂದೇ ಕಾಲು ಊದಿದರೆ, ಮೀನಖಂಡ ಒತ್ತಿದರೆ ನೋವಾದರೆ, ಆ ಜಾಗ ಬಿಸಿಯಾಗಿ ಬಿಗಿದಿದ್ದರೆ ಅದು ಪ್ರಯಾಣದ ಆಯಾಸವಲ್ಲ. ನಮ್ಮ ಮನೆಗಳಲ್ಲಿ ಆಗ ಮಾಡುವ ಮೊದಲ ಕೆಲಸವೇನು? ಕೊಬ್ಬರಿ ಎಣ್ಣೆ ಬಿಸಿ ಮಾಡಿ ಕಾಲು ತಿಕ್ಕುವುದು. ಒಂದೇ ಕಾಲು ಊದಿದ್ದಾಗ ದಯವಿಟ್ಟು ತಿಕ್ಕಬೇಡಿ. ಒಳಗಿರುವ ಹೆಪ್ಪು ಕಳಚಿ ಮೇಲೆ ಹೋಗಬಹುದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ದು ಕಾಲಿನ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಹಠಾತ್ ಉಸಿರಾಟದ ತೊಂದರೆ, ಉಸಿರೆಳೆದರೆ ಚುಚ್ಚುವ ಎದೆನೋವು, ಕೆಮ್ಮಿನಲ್ಲಿ ರಕ್ತ, ತಲೆಸುತ್ತಿ ಬೀಳುವುದು ಇವುಗಳಲ್ಲಿ ಒಂದು ಕಂಡರೂ ಅಮೆರಿಕದಲ್ಲಾದರೆ 911ಕ್ಕೆ ಫೋನ್ ಮಾಡಿ. ಬಿಲ್ಲಿಗೆ ಹೆದರಿ ರಾತ್ರಿ ಕಳೆಯಲಿ ಎಂದು ಕಾಯುವ ಮನೆಗಳಿವೆ. ಅಪ್ಪ ಅಮ್ಮನೂ "ಬೇಡ, ಮಗನಿಗೆ ಖರ್ಚು" ಎಂದು ನೋವು ನುಂಗುತ್ತಾರೆ. ಅದಕ್ಕೇ ಹೊರಡುವ ಮುನ್ನ ವಿಮೆ ಮಾಡಿಸಿ, ಅದರಲ್ಲಿ ಬಿಪಿ, ಶುಗರ್, ಸ್ಟೆಂಟ್ ಎಲ್ಲವನ್ನೂ ಮುಚ್ಚಿಡದೆ ಬರೆಯಿಸಿ, ಹಳೆಯ ಕಾಯಿಲೆಗೆ ಅದು ಎಷ್ಟು ಕೊಡುತ್ತದೆ ಎಂಬ ಪುಟವನ್ನು ಓದಿ. ಅಗ್ಗದ ಪಾಲಿಸಿಗಳು ಹಳೆಯ ಕಾಯಿಲೆಯನ್ನು ಪೂರ್ತಿ ಹೊರಗಿಟ್ಟಿರುತ್ತವೆ.

ಹೃದ್ರೋಗಿಗಳಿಗೆ ಕೆಲವು ಮಾತು. ತೊಡಕಿಲ್ಲದ ಆಂಜಿಯೋಪ್ಲಾಸ್ಟಿ ಆದವರು ಕೆಲವೇ ದಿನಗಳಲ್ಲಿ ಹಾರಬಹುದು ಎಂದು ಮಾರ್ಗಸೂಚಿಗಳು ಹೇಳುತ್ತವೆ. ಆದರೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡವರನ್ನು ನಾನು ಇಷ್ಟು ಉದ್ದದ ಪ್ರಯಾಣಕ್ಕೆ ಎರಡು ವಾರಕ್ಕೆ ಮುಂಚೆ ಕಳುಹಿಸುವುದಿಲ್ಲ, ಹೃದಯ ದುರ್ಬಲವಾಗಿದ್ದರೆ ಇನ್ನೂ ತಡ. ಬೈಪಾಸ್ ಆದವರಿಗೆ ನಾಲ್ಕರಿಂದ ಆರು ವಾರ. ಎದೆಯ ಮೂಳೆ ಕೂಡಿಕೊಳ್ಳುವವರೆಗೆ 23 ಕಿಲೋದ ಸೂಟ್‌ಕೇಸ್ ಎತ್ತುವ ಮಾತೇ ಇಲ್ಲ. ವಿಶ್ರಾಂತಿಯಲ್ಲೇ ಎದೆನೋವು ಬರುತ್ತಿರುವವರು, ನಿಯಂತ್ರಣಕ್ಕೆ ಬಾರದ ಹೃದಯ ವೈಫಲ್ಯ ಇರುವವರು ಹೊರಡಲೇಬಾರದು, ಟಿಕೆಟ್ ಹೋದರೂ ಹೋಗಲಿ. ಪೇಸ್‌ಮೇಕರ್ ಇದ್ದವರು ಅದರ ಕಾರ್ಡು ಇಟ್ಟುಕೊಳ್ಳಿ. ಭದ್ರತಾ ಚೌಕಟ್ಟಿನಲ್ಲಿ ನಿಲ್ಲದೆ ನಡೆದು ದಾಟಬಹುದು, ಕೈಯಲ್ಲಿ ಹಿಡಿಯುವ ಯಂತ್ರವನ್ನು ಎದೆಯ ಮೇಲೆ ಹಿಡಿದಿಡಬೇಡಿ ಎಂದು ಹೇಳಿ. ಸ್ಟೆಂಟಿಗೆ ಯಾವ ಯಂತ್ರವೂ ಕೂಗುವುದಿಲ್ಲ. ಗಾಲಿಕುರ್ಚಿ ಕೇಳಲು ನಾಚಿಕೆ ಬೇಡ, ದೊಡ್ಡ ನಿಲ್ದಾಣಗಳಲ್ಲಿ ನಡೆಯುವ ದೂರ ವಿಮಾನಕ್ಕಿಂತ ಹೆಚ್ಚು ಶ್ರಮ ಕೊಡುತ್ತದೆ. ಆದರೆ ದಿನವೂ ಎರಡು ಕಿಲೋಮೀಟರ್ ವಾಕಿಂಗ್ ಮಾಡುವವರು ಬರಿ ಸಾಲು ತಪ್ಪಿಸಲು ಅದನ್ನು ಕೇಳುವುದು ನನಗೆ ಹಿಡಿಸುವುದಿಲ್ಲ. ಅವರಿಗೆ ಆ ನಡಿಗೆಯೇ ಔಷಧಿ.

ನೀರಿನ ಮಾತ್ರೆ (ಲಾಸಿಕ್ಸ್, ಡೈಟರ್ ಮುಂತಾದವು) ತೆಗೆದುಕೊಳ್ಳುವವರು ಟಾಯ್ಲೆಟ್ಟಿನ ಭಯಕ್ಕೆ ಹೊರಡುವ ಹಿಂದಿನ ದಿನದಿಂದಲೇ ಅದನ್ನು ಬಿಟ್ಟುಬಿಡುತ್ತಾರೆ. ಮೇಲೆ ವಿಮಾನದ ಊಟ. ಎತ್ತರದಲ್ಲಿ ನಾಲಿಗೆಗೆ ಉಪ್ಪಿನ ರುಚಿ ಕಡಿಮೆ ತಿಳಿಯುತ್ತದೆ, ಹಾಗಾಗಿ ಆ ಊಟಕ್ಕೆ ಉಪ್ಪು ಧಾರಾಳ. ಜೊತೆಗೆ ಬ್ಯಾಗಿನಲ್ಲಿ ಉಪ್ಪಿನಕಾಯಿ, ಹಪ್ಪಳ. ಮೂರನೆಯ ದಿನ ರಾತ್ರಿ ಮಲಗಲಾಗದೆ ಏದುಸಿರು. ಎಷ್ಟು ಹೊತ್ತಿಗೆ ತೆಗೆದುಕೊಳ್ಳಬೇಕು, ಕೆಲವು ಗಂಟೆ ಮುಂದೂಡಬಹುದೇ ಎಂದು ವೈದ್ಯರನ್ನು ಕೇಳಿ. ತಾವಾಗಿ ಬಿಡಬೇಡಿ.

ಮಾತ್ರೆಗಳ ಹೊತ್ತು ಇನ್ನೊಂದು ಗೊಂದಲ. ಇಲ್ಲಿ ಬೆಳಿಗ್ಗೆ 8 ಗಂಟೆ ಎಂದರೆ ಬೇಸಿಗೆಯಲ್ಲಿ ನ್ಯೂಜೆರ್ಸಿಯಲ್ಲಿ ಹಿಂದಿನ ರಾತ್ರಿ ಹತ್ತೂವರೆ. ಪ್ರಯಾಣ ಮುಗಿಯುವವರೆಗೆ ಕೈಗಡಿಯಾರವನ್ನು ಭಾರತದ ಸಮಯದಲ್ಲೇ ಇಡಿ, ಅದನ್ನೇ ನೋಡಿ ಮಾತ್ರೆ ನುಂಗಿ. ಮುಟ್ಟಿದ ಮೇಲೆ ದಿನಕ್ಕೆ ಒಂದೆರಡು ಗಂಟೆಯಂತೆ ಸರಿಸುತ್ತಾ ಅಲ್ಲಿನ ಬೆಳಗಿಗೆ ಹೊಂದಿಸಿ. ಗೊಂದಲದಲ್ಲಿ ಎರಡು ಸಲ ನುಂಗಬೇಡಿ, ಸ್ಟೆಂಟ್ ಇದ್ದವರು ಒಂದು ಹೊತ್ತೂ ತಪ್ಪಿಸಬೇಡಿ. ಇನ್ಸುಲಿನ್ ಲೆಕ್ಕ ಬೇರೆ: ಪಶ್ಚಿಮಕ್ಕೆ ಹೋಗುವಾಗ ದಿನ ಉದ್ದವಾಗುತ್ತದೆ, ಮರಳುವಾಗ ಗಿಡ್ಡವಾಗುತ್ತದೆ. ಎಷ್ಟು ಯೂನಿಟ್, ಯಾವಾಗ ಎಂದು ನಿಮ್ಮ ವೈದ್ಯರಿಂದ ಕಾಗದದಲ್ಲಿ ಬರೆಸಿಕೊಳ್ಳಿ. ಊಟ ಬಿಟ್ಟು ಗ್ಲಿಮೆಪಿರೈಡ್ ಮಾತ್ರೆ ನುಂಗಿದರೆ ಸಕ್ಕರೆ ಕುಸಿಯುತ್ತದೆ. ಟ್ರಾಲಿ ನಿಮ್ಮ ಸೀಟಿಗೆ ಬಂದ ಮೇಲೆಯೇ ಮಾತ್ರೆ ತೆಗೆಯಿರಿ.

ಔಷಧಿಗಳೆಲ್ಲ ಕೈಚೀಲದಲ್ಲೇ ಇರಲಿ. ದೊಡ್ಡ ಸೂಟ್‌ಕೇಸ್ ಒಮ್ಮೊಮ್ಮೆ ತಪ್ಪಿಹೋಗುತ್ತದೆ, ಕೆಳಗಿನ ಗೋದಾಮಿನಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಮೂಲ ಔಷಧಿಯ ಹೆಸರೂ ಇರಬೇಕು. ನಮ್ಮ ಬ್ರ್ಯಾಂಡುಗಳು ಅಲ್ಲಿನ ವೈದ್ಯರಿಗೆ ಗೊತ್ತಿರುವುದಿಲ್ಲ. ನಾವು ಪ್ಯಾರಾಸಿಟಮಾಲ್ ಎನ್ನುವುದನ್ನೇ ಅಲ್ಲಿ ಅಸೆಟಮಿನೋಫೆನ್ ಎನ್ನುತ್ತಾರೆ. ಹೊಸ ಇಸಿಜಿಯ ಮತ್ತು ಎಕೋ ವರದಿಯ ಫೋಟೋ ಮಗನ ಮೊಬೈಲಿನಲ್ಲೂ ಇರಲಿ.

ಮರಳಿ ಬರುವ ಪ್ರಯಾಣವೂ ಅಷ್ಟೇ ಉದ್ದ. ಹೋಗುವಾಗ ಎಲ್ಲರಿಗೂ ಎಚ್ಚರ ಇರುತ್ತದೆ. ಬರುವಾಗ ಕಾಲುಚೀಲ ಸೂಟ್‌ಕೇಸಿನ ತಳದಲ್ಲಿರುತ್ತದೆ, ಸೀಟು ಸಿಕ್ಕಿದ ಕಡೆ, ಮೊಮ್ಮಗುವನ್ನು ಬಿಟ್ಟುಬಂದ ದುಃಖಕ್ಕೆ ಊಟ ನೀರು ಬೇಡ. ಬಂದ ಹತ್ತು ದಿನಕ್ಕೆ ಕಾಲು ನೋವೋ ಉಸಿರಾಟದ ತೊಂದರೆಯೋ ಆಗಿ ಇಲ್ಲಿನ ವೈದ್ಯರ ಬಳಿ ಹೋದರೆ, ನೀವು ವಿಮಾನದಲ್ಲಿ ಬಂದದ್ದು ಅವರಿಗೆ ಗೊತ್ತಿರುವುದಿಲ್ಲ. ಬಿಪಿ ನೋಡುವ ಮುಂಚೆಯೇ ಅದನ್ನು ಹೇಳಿ.